ಹಡಗಲಿ ಬಿಟ್ಟ ದಾರಿ

ಹೂವಿನ ಹಡಗಲಿ, ನಿನ್ನ ಮನೆ
ಡಿಸೆಂಬರ್ ೧೬, ಸೋಮವಾರ ಬೆಳಿಗ್ಗೆ

ಪ್ರೀತಿಯ ಅರ್ಚನಾ,

‘ಗಾಳೀಗಿ ಎದಿಗೊಟ್ಟು ನಡೆದಾನ ನನ ತಂದಿ, ಬೆನ್ನೀಗಿ ಮರೆಯಾಗಿ ನಾ ಬಂದೆ’ ಎಂದು ನನ್ನ ಅಜ್ಜಿ ಬೀಸುವಾಗ ಏನೋ ಹಾಡುತ್ತಿದ್ದಳು. ಮುಂದಿನ ಸಾಲು ಎಷ್ಟು ತಡಕಿದರೂ ಸಿಗುತ್ತಿಲ್ಲ. ಬೆಚ್ಚಗೆ ಬಂದೆ ಎಂದಿತ್ತೋ, ಅಳುತ್ತಾ ಬಂದೆ ಎಂದಿತ್ತೋ. ಚಿಕ್ಕವಳಿದ್ದಾಗ ಕೇಳಿ ಸುಮ್ಮನಾಗಿದ್ದ ಈ ಸಾಲಿನ ಮೇಲೆ ನಿನ್ನೆಯಿಂದ ನನಗೊಂದು ಅನುಮಾನ ಹುಟ್ಟಿದೆ. ಎದೆಗೊಟ್ಟು ನಡೆಯುವವನಿಗೆ ತನ್ನ ಬೆನ್ನ ಹಿಂದೆ ಯಾರು ಬರುತ್ತಿದ್ದಾರೆ, ಯಾರು ಉಳಿದುಹೋದರು ಎಂಬುದು ತಿಳಿಯುವುದು ಹೇಗೆ? ಹಾಡು ಕಟ್ಟಿದವಳು ಮಗಳು. ತಂದೆಯನ್ನು ಯಾರೂ ಕೇಳಿದಂತಿಲ್ಲ.

ಇರಲಿ, ಮೊದಲು ನಿನ್ನ ಸುದ್ದಿ. ಹೇಗಿದ್ದೀ ತಾಯಿ? ಬಿ.ಪಿ. ಇಳಿಯಿತೇ? ಕಾಲಿನ ಬಾವು ಕಡಿಮೆಯಾಯಿತೇ? ಶನಿವಾರ ನಿನಗೆ ತಲೆಸುತ್ತು ಬಂದದ್ದು, ದಿನ ತುಂಬುವುದು ಇನ್ನೂ ದೂರವಿದ್ದರೂ ಇಲ್ಲಿನ ಡಾಕ್ಟರು ದಾವಣಗೆರೆಗೇ ಹೋಗಿಬಿಡಿ ಎಂದದ್ದು, ಎಲ್ಲವನ್ನೂ ಪಕ್ಕದ ಮನೆಯ ಶಿವಬಸಮ್ಮ ಹೇಳಿದರು. ನಿನ್ನೆ ಸಂಜೆ ಅವರೇ ಮೈಲಾರೇಶನಿಗೆ ಫೋನು ಮಾಡಿದರು. ನೀನು ನಿದ್ದೆ ಮಾಡುತ್ತಿದ್ದೀ, ಗಾಬರಿಪಡುವಂಥದ್ದೇನಿಲ್ಲ ಎಂದನಂತೆ. ನನ್ನ ಅಳಿಯ ಸುಳ್ಳು ಹೇಳುವವನಲ್ಲ. ಆದರೂ ದನದ ಆಸ್ಪತ್ರೆಯಲ್ಲಿ ದಿನವೂ ರೈತರಿಗೆ ಧೈರ್ಯ ಹೇಳಿ ಪಳಗಿದ ಬಾಯಿ ಅದು, ಪೂರ್ತಿ ನಂಬಲು ಮನಸ್ಸು ಬರುವುದಿಲ್ಲ. ಉಪ್ಪು ಕಡಿಮೆ ಮಾಡು. ಎಡಮಗ್ಗುಲಿಗೆ ಮಲಗು. ಕಿವಿಗೆ ಬಟ್ಟೆ ಕಟ್ಟಿಕೋ, ಈ ಥಂಡಿಯಲ್ಲಿ ಫ್ಯಾನು ಹಾಕಿಸಬೇಡ. ನಿಮ್ಮತ್ತೆ ಜೊತೆಗಿರುವುದು ನನಗೆ ದೊಡ್ಡ ಸಮಾಧಾನ. ಅವರು ಕುಡಿಯಲು ಏನು ಕೊಟ್ಟರೂ ಮುಖ ಹಿಂಡದೆ ಕುಡಿ, ನನ್ನ ಹತ್ತಿರ ಮಾಡಿದ ಹಾಗೆ ಅವರ ಹತ್ತಿರ ಮಾಡಬೇಡ.

ಈ ಕಾಲದಲ್ಲಿ ಪತ್ರವೇಕೆ ಎನ್ನುತ್ತೀ. ಕಳೆದ ತಿಂಗಳು ನೀನು ಫೋನಿನಲ್ಲಿ ಹೇಳಿದ ಮಾತು ನಿನಗೆ ನೆನಪಿರಬಹುದು, ನನಗಂತೂ ಅಕ್ಷರ ಅಕ್ಷರವೂ ನೆನಪಿದೆ. ‘ಅವ್ವಾ, ಇನ್ನ ಮ್ಯಾಲ ಕದ್ದು ಬರಬ್ಯಾಡ. ಬರೋದಾದ್ರ ಅಪ್ಪನ್ನ ಕರ್ಕೊಂಡು ಬಾ. ಇಲ್ಲಂದ್ರ ಬಾಣಂತನಕ್ಕೂ ನೀ ಬ್ಯಾಡ, ನಮ್ಮತ್ತಿ ಅದಾರ.’ ಆಮೇಲೆ ನನ್ನ ಒಂದು ಕರೆಯನ್ನೂ ನೀನು ಎತ್ತಲಿಲ್ಲ. ಸಿಟ್ಟು ಬಂತು, ಅತ್ತುಬಿಟ್ಟೆ, ಆಮೇಲೆ ಕೂತು ಯೋಚಿಸಿದೆ. ನೀನು ಹೇಳಿದ್ದರಲ್ಲಿ ತಪ್ಪು ಸಿಗಲಿಲ್ಲ. ಎರಡು ವರ್ಷದಿಂದ ನಾನು ಮಧ್ಯಾಹ್ನದ ಬಸ್ಸಿಗೆ ಬಂದು, ನಿನ್ನ ಕೈಯಡುಗೆ ಉಂಡು, ಸಂಜೆಯ ಬಸ್ಸಿಗೆ ಓಡುವ ಅವ್ವ. ಮೊಮ್ಮಗುವಿಗೂ ಕದ್ದೇ ನೀರು ಹಾಕುವುದೇ? ಅದು ಮಾತು ಕಲಿತ ಮೇಲೆ ‘ಅಜ್ಜಿ ಬಂದಿದ್ದನ್ನ ಯಾರಿಗೂ ಹೇಳಬ್ಯಾಡ’ ಎಂದು ಅದಕ್ಕೂ ಕಲಿಸುವುದೇ? ಆದರೂ ಚೊಚ್ಚಲ ಮಗಳ ಬಾಣಂತನ ಮಾಡದ ತಾಯಿ ಎನಿಸಿಕೊಳ್ಳುವುದು ನನ್ನಿಂದ ಆಗುವಂತಿರಲಿಲ್ಲ. ನಿಮ್ಮಪ್ಪನಿಗೆ ಬಾಯಿ ಬಿಟ್ಟು ಕೇಳುವ ಧೈರ್ಯವೂ ಇರಲಿಲ್ಲ. ಅವರ ಸ್ವಭಾವ ನಿನಗೆ ಗೊತ್ತು. ಮಂಡಿಯಲ್ಲಿ ಒಮ್ಮೆ ದರ ಹೇಳಿದರೆ ಮುಗಿಯಿತು, ಸಂಜೆಯೊಳಗೆ ಮೆಕ್ಕೆಜೋಳದ ಬೆಲೆ ಬಿದ್ದರೂ ಬೆಳಿಗ್ಗೆ ಆಡಿದ ದರಕ್ಕೇ ಕೊಳ್ಳುವ ಮನುಷ್ಯ. ಚೀಟಿ ಇಲ್ಲ, ಸಹಿ ಇಲ್ಲ, ಮಾತಷ್ಟೇ. ಅಂಥವರು ನೀನು ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತಿದ್ದ ದಿನ, ಹಿರಿಯರೆಲ್ಲ ಕೂತಿದ್ದ ಪಡಸಾಲೆಯಲ್ಲಿ, ‘ಇಕಿ ಮನಿ ಹೊಸ್ತಿಲು ನಾ ತುಳಿಯಂಗಿಲ್ಲ’ ಎಂದುಬಿಟ್ಟರು. ಅಂದ ಮರುದಿನವೇ ಅವರಿಗೆ ಆ ಮಾತು ಭಾರವಾಗಿತ್ತು ಎಂಬುದು ನನ್ನ ಊಹೆ. ಆದರೆ ಆಡಿದ್ದು ನಾಲ್ಕು ಜನರ ಮುಂದೆ.

ಮೈಲಾರೇಶ ಬೇರೆ ಜಾತಿಯವನು, ಕುರಿ ಕಾಯುವವರ ಮನೆಯವನು ಎಂಬುದು ಜನ ಆಡಿಕೊಂಡ ಕಾರಣ. ನಿಮ್ಮಪ್ಪನಿಗೆ ಚುಚ್ಚಿದ್ದು ಇನ್ನೊಂದು. ಅವನು ನಮ್ಮ ಮುಂಜಾನೆ ಸೈಕಲ್ ಬಳಗದವನು. ಪ್ರತಿ ಡಿಸೆಂಬರಿನ ದೊಡ್ಡ ಸವಾರಿಯಲ್ಲಿ ನಾವು ಹರಪನಹಳ್ಳಿಯಿಂದ ಹೊರಟು ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಸುತ್ತಿ ಹಡಗಲಿಗೆ ಬಂದರೆ ಅವನು ಇಲ್ಲಿ ನಮ್ಮನ್ನು ಕೂಡಿಕೊಳ್ಳುತ್ತಿದ್ದ, ಹರಪನಹಳ್ಳಿ ತನಕ ನಿಮ್ಮಪ್ಪನ ಚಕ್ರದ ಹಿಂದೆ ತನ್ನ ಚಕ್ರ ಇಟ್ಟು ಬರುತ್ತಿದ್ದ. ‘ನನ್ನ ಗಾಳಿ ಮರಿಯಾಗ ಬಂದು ನನ್ನ ಮನಿಗೇ ಬಂದ’ ಎಂದು ಒಮ್ಮೆ ಅಂದಿದ್ದರು. ಅಷ್ಟೇ, ಮತ್ತೆ ಆ ಮಾತಿಲ್ಲ. ಮುಂದಿನ ಡಿಸೆಂಬರಿನಲ್ಲಿ ಬಳಗದ ದಾರಿ ಬದಲಾಯಿತು. ಹಗರಿಬೊಮ್ಮನಹಳ್ಳಿಯಲ್ಲೇ ತಿರುಗಿ, ಹೋದ ದಾರಿಯಲ್ಲೇ ವಾಪಸು. ಯಾಕೆಂದು ಯಾರೂ ಕೇಳಲಿಲ್ಲ. ಮೆಡಿಕಲ್ ಅಂಗಡಿಯ ಹುಲುಗೇಶ್, ಯಾವ ವಿಷಯಕ್ಕೂ ಒಂದು ನಗೆಮಾತು ಇಟ್ಟುಕೊಂಡಿರುವವನು, ಅವನೂ ಸುಮ್ಮನಿದ್ದ. ಬಳಗದಲ್ಲಿ ಹಡಗಲಿ ಎಂಬ ಊರಿನ ಹೆಸರೇ ಇಲ್ಲವಾಯಿತು.

ನಿನ್ನೆಯ ಸವಾರಿಯನ್ನು ಮುಂದೂಡಬಹುದಿತ್ತು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಿದೆ ಎಂದು ಎರಡು ದಿನದಿಂದ ಟಿ.ವಿ.ಯಲ್ಲಿ ಬರುತ್ತಿತ್ತು. ಆದರೆ ದಿನ ಗೊತ್ತುಮಾಡಿ ಹೇಳಿಯಾಗಿತ್ತಲ್ಲ. ಕತ್ತಲಿರುವಾಗಲೇ ಬಸ್ ನಿಲ್ದಾಣದ ಮುಂದೆ ಹತ್ತು ಹನ್ನೆರಡು ಜನ ಸೇರಿದೆವು, ಹಳದಿ ರೇನ್‌ಕೋಟು ಹಾಕಿಕೊಂಡು. ಚಳಿಗಾಲದ ಮಳೆ ನಿನಗೆ ಗೊತ್ತಲ್ಲ, ಜೋರಾಗಿ ಬಿದ್ದು ಹೋಗುವುದಿಲ್ಲ, ಬಿಡುವುದೂ ಇಲ್ಲ. ಕೊಟ್ಟೂರಿನ ಕಡೆಗೆ ತಿರುಗಿದೊಡನೆ ಗಾಳಿ ಎದುರಿಗೆ ನಿಂತಿತು. ಚಿಗಟೇರಿ ದಾಟುವಾಗ ಬೆಳಕು ಬಿಟ್ಟಿತ್ತು, ಸೂರ್ಯನ ಸುಳಿವಿರಲಿಲ್ಲ. ಅಲ್ಲೊಂದು ಕಡೆ ರಸ್ತೆಯ ಅರ್ಧಕ್ಕೆ ಹರವಿದ್ದ ಮೆಕ್ಕೆಜೋಳವನ್ನು ವಯಸ್ಸಾದ ಹೆಂಗಸೊಬ್ಬಳು ಒಬ್ಬಳೇ ಗುಡ್ಡೆ ಹಾಕುತ್ತಿದ್ದಳು. ತಾಡಪಾಲಿನ ಒಂದು ತುದಿ ಹಿಡಿದರೆ ಇನ್ನೊಂದು ತುದಿ ಗಾಳಿಗೆ ಹಾರುತ್ತಿತ್ತು. ಕಾಳು ನೆನೆಯುವುದನ್ನು ನೋಡಿಕೊಂಡು ಮುಂದೆ ಹೋಗುವುದು ಮಂಡಿಯ ಮನುಷ್ಯನಿಗೆ ಆದೀತೇ? ನಿಮ್ಮಪ್ಪ ಸೈಕಲ್ಲನ್ನು ಬದುವಿಗೆ ಒಗೆದು ಓಡಿದರು. ನಾವೆಲ್ಲ ಹಿಂದೆಯೇ ಓಡಿ, ಗುಡ್ಡೆ ಮಾಡಿ, ತಾಡಪಾಲು ಹೊದಿಸಿ, ಸುತ್ತ ಕಲ್ಲು ಹೇರಿದೆವು. ಅವಳ ಹೆಸರು ಮಾರೆಮ್ಮ. ನಮ್ಮ ಕೈ ಬಿಡಲಿಲ್ಲ, ಹೊಲದ ಬದಿಯ ತಗಡಿನ ಚಪ್ಪರಕ್ಕೆ ಕರೆದುಕೊಂಡು ಹೋದಳು. ‘ಕೊಟ್ಟೂರಿಗೇನ್ರಿ?’ ಎಂದಳು. ಮುಂದಿನ ಊರು ಅದೇ ಆದದ್ದರಿಂದ ಹುಲುಗೇಶ್ ‘ಹೂನವ್ವ, ಕೊಟ್ಟೂರಿಗೆ’ ಎಂದ. ಅಲ್ಲಿಗೆ ಅವಳ ಲೆಕ್ಕದಲ್ಲಿ ನಾವು ಹರಕೆಯವರಾದೆವು.

ಅವಳದೂ ತಪ್ಪಲ್ಲ. ಕೊಟ್ಟೂರಿನ ಮಠಕ್ಕೆ ಹರಕೆ ಹೊತ್ತು ನಡೆದು ಹೋಗುವವರನ್ನು ನಿಲ್ಲಿಸಿ ನೀರು, ಮಂಡಕ್ಕಿ ಕೊಟ್ಟು ಕಳಿಸುವ ಜನ ಆ ರಸ್ತೆಯವರು. ಇಂಥ ಮಳೆಯಲ್ಲಿ, ಇಂಥ ಹೊತ್ತಿನಲ್ಲಿ, ಹೊಟ್ಟೆಗೆ ಗತಿಯಿದ್ದವರು ಮೈ ದಂಡಿಸಿಕೊಂಡು ಹೊರಟಿದ್ದಾರೆಂದರೆ ಹರಕೆಯಲ್ಲದೆ ಇನ್ನೇನಿದ್ದೀತು? ಒಲೆಯ ಮೇಲಿನ ಬಿಸಿನೀರನ್ನು ಚೊಂಬಿನಲ್ಲಿ ತಂದು ಒಬ್ಬೊಬ್ಬರ ಕಾಲಿಗೂ ಹೊಯ್ದಳು. ಬೂಟು ಬಿಚ್ಚಿರಲಿಲ್ಲ, ಬೂಟಿನ ಮೇಲೆಯೇ ಹೊಯ್ದಳು. ನೀರು ಹೊಯ್ಯುತ್ತಾ ಒಬ್ಬೊಬ್ಬರನ್ನೂ ‘ಯಾರ ಸಲುವಾಗಿ ಹರಕಿ?’ ಎಂದು ಕೇಳುತ್ತಾ ಬಂದಳು. ಹುಲುಗೇಶ್ ‘ನನ್ನ ಹೊಟ್ಟಿ ಸಲುವಾಗಿ ಯವ್ವ, ಎಷ್ಟು ವರ್ಷ ಆತು ಕರಗವಲ್ದು’ ಎಂದ. ಅವಳು ಅವನ ಹೊಟ್ಟೆ ನೋಡಿ, ‘ಇದಕ್ಕ ಸೈಕಲ್ ಸಾಲಂಗಿಲ್ಲ, ಉರುಳುಸೇವಿ ಮಾಡು’ ಎಂದಳು. ಎಲ್ಲರೂ ನಕ್ಕರು. ಆಮೇಲೆ ನಿಮ್ಮಪ್ಪನ ಕಾಲ ಬಳಿಗೆ ಬಂದಳು. ಇಂಥ ಕಡೆ ಹೇಳಲು ಅವರ ಬಳಿ ಒಂದು ಸಿದ್ಧ ಭಾಷಣವಿದೆ, ಆರೋಗ್ಯ, ಪರಿಸರ ಎಂದು. ಅದನ್ನೇ ಹೇಳುತ್ತಾರೆಂದು ನಾನು ಕಾದೆ. ಅವರು ಬಗ್ಗಿ ಬೂಟಿನ ಮೇಲೆ ಬೀಳುತ್ತಿದ್ದ ನೀರನ್ನೇ ನೋಡುತ್ತಾ, ‘ಮಗಳ ಸಲುವಾಗಿ’ ಎಂದರು.

ಚಪ್ಪರದ ಕೆಳಗಿದ್ದವರಿಗೆಲ್ಲ ನಮ್ಮ ಮನೆಯ ಕಥೆ ಗೊತ್ತು. ಮಾರೆಮ್ಮ ಒಬ್ಬಳಿಗೇ ಏನೂ ಗೊತ್ತಿಲ್ಲವಲ್ಲ, ಅವಳು ಕೇಳುತ್ತಲೇ ಇದ್ದಳು. ‘ಮಗಳಿಗೇನಾಗೇತಿ?’ ‘ಏನೂ ಆಗಿಲ್ಲ. ಬಸುರಿ ಅದಾಳ. ದೂರ ಅದಾಳ.’ ನೀನು ಬಸುರಿ ಎಂದು ಅವರಿಗೆ ಹೇಳಿದವರು ಯಾರೋ, ನಾನಲ್ಲ. ‘ದೂರ ಅಂದ್ರ ಎಲ್ಲಿ?’ ‘ಹಡಗಲಿ.’ ಅವಳು ಚೊಂಬು ಕೆಳಗಿಟ್ಟು ಸೊಂಟದ ಮೇಲೆ ಕೈ ಇಟ್ಟಳು. ‘ಹಡಗಲಿ ದೂರೇನೋ ಯಪ್ಪ? ನಾ ಮೆಣಸಿನಕಾಯಿ ಮಾರಾಕ ಹೋಗಿ ಹೊತ್ತು ಮುಣುಗೂದ್ರಾಗ ಮನಿಗೆ ಬರ್ತೀನಿ.’  ಅವಳೇ ಮುಂದುವರಿಸಿದಳು. ಅವಳ ಕಡೆ ಒಂದು ಪದ್ಧತಿ ಇದೆಯಂತೆ. ಹರಕೆಯನ್ನು ಬಾಯಿ ಬಿಟ್ಟು ಆಡಿದ ಮೇಲೆ ಅರ್ಧದಾರಿಯಿಂದ ತಿರುಗುವಂತಿಲ್ಲ. ಕೊಟ್ಟೂರಲ್ಲಿ ವಿಭೂತಿ ತೆಗೆದುಕೊಂಡು ಯಾರ ಹೆಸರು ಹೇಳಿದ್ದೇವೋ ಅವರ ಹಣೆಗೆ ಹಚ್ಚಬೇಕು, ಅದೂ ಸೀದಾ ಹೋಗಿ. ‘ನಡುವ ನಿಮ್ಮ ಮನಿಗೆ ಹೋದ್ರಿ ಅಂದ್ರ ಅದು ಇಬತ್ತಿ ಅಲ್ಲ, ಒಲಿ ಬೂದಿ.’ ಅರ್ಚನಾ, ಇಂಥ ಪದ್ಧತಿ ಎಲ್ಲಾದರೂ ಇದೆಯೋ, ಆ ತಾಯಿ ಆ ಗಳಿಗೆಯಲ್ಲಿ ಹೊಸೆದಳೋ ನನಗೆ ತಿಳಿಯಲಿಲ್ಲ. ನಿಮ್ಮಪ್ಪ ದೇವರ ವಿಷಯದಲ್ಲಿ ಅಷ್ಟಕ್ಕಷ್ಟೇ ಎಂಬುದೂ ನಿನಗೆ ಗೊತ್ತು. ಆದರೆ ನಾನು ಅವರ ಮುಖ ನೋಡಿದೆ. ನಾಲ್ಕು ಜನರ ಮುಂದೆ ಒಂದು ಮಾತು ಬಾಯಿಂದ ಹೊರಬಿದ್ದಿತ್ತು. ಎರಡು ವರ್ಷದ ಹಿಂದೆ ಬಿದ್ದಂತೆಯೇ.

ಕೊಟ್ಟೂರಿನಲ್ಲಿ ಎಲ್ಲರೂ ಚಹಾದಂಗಡಿ ಹೊಕ್ಕರು. ಅವರು ಬೂಟು ಬಿಚ್ಚಿಟ್ಟು ಬರಿಗಾಲಲ್ಲಿ ಮಠದ ಕಡೆ ಹೋದರು, ನನ್ನನ್ನೂ ಕರೆಯಲಿಲ್ಲ. ತಿರುಗಿ ಬಂದಾಗ ಕೈಯಲ್ಲಿ ಕಾಗದದ ಸಣ್ಣ ಪೊಟ್ಟಣವಿತ್ತು. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಳಗಿನ ಜೇಬಿಗೆ ಹಾಕಿಕೊಂಡು ಗುಂಡಿ ಹಾಕಿದರು. ಅಲ್ಲಿಂದ ಕೂಡ್ಲಿಗಿಯ ದಾರಿ ನಿನ್ನೆಯ ದಿನದ ಅತಿ ಕೆಟ್ಟ ದಾರಿ. ಎದುರುಗಾಳಿ ಇದ್ದಾಗ ಬಳಗದವರು ಪಾಳಿಯ ಮೇಲೆ ಮುಂದೆ ನಿಲ್ಲುವುದು ನಿನಗೆ ಗೊತ್ತು. ಒಬ್ಬರು ಸ್ವಲ್ಪ ದೂರ ಗಾಳಿ ಒಡೆದುಕೊಂಡು ಹೋಗಬೇಕು, ದಣಿದರೆ ಪಕ್ಕಕ್ಕೆ ಸರಿದು ಹಿಂದಕ್ಕೆ ಬರಬೇಕು, ಮುಂದಿನವರು ಆ ಜಾಗಕ್ಕೆ. ನಿಮ್ಮಪ್ಪ ಪಾಳಿ ಬಿಡಲಿಲ್ಲ. ಹಿಂದಿನಿಂದ ಹುಲುಗೇಶ್ ‘ಪಾಳಿ ಬಿಡ್ರಿ ಸರ್, ಸಾಕು’ ಎಂದು ಕೂಗಿದ, ಇನ್ನೊಬ್ಬರು ಕೂಗಿದರು, ಅವರಿಗೆ ಕೇಳಿಸಿದಂತೆ ಕಾಣಲಿಲ್ಲ. ನಾನು ಅವರ ಹಿಂದೆಯೇ ಇದ್ದೆ. ಮಳೆ ಮುಖಕ್ಕೆ ಮರಳು ಎರಚಿದ ಹಾಗೆ ಬಡಿಯುತ್ತಿತ್ತು, ಅವರ ಹಳದಿ ಬೆನ್ನೊಂದೇ ಕಾಣುತ್ತಿತ್ತು. ಅಷ್ಟು ಹೊತ್ತು ಒಬ್ಬರ ಬೆನ್ನನ್ನೇ ನೋಡುತ್ತಾ ಹೋದರೆ ಮುಖಕ್ಕಿಂತ ಹೆಚ್ಚು ತಿಳಿಯುತ್ತದೆ. ಆ ಬೆನ್ನಿಗೆ ವಯಸ್ಸಾಗಿತ್ತು. ಯಾವಾಗ ಆಯಿತೋ ನಾನು ಗಮನಿಸಿರಲಿಲ್ಲ.

ಕೂಡ್ಲಿಗಿ ಮುಟ್ಟುವಾಗ ಎಲ್ಲರ ತುಟಿಯೂ ಕಪ್ಪಾಗಿತ್ತು. ಹವಾಮಾನ ಕೆಟ್ಟರೆ ಎಲ್ಲರೂ ಒಟ್ಟಿಗೆ ವಾಪಸು, ಒಬ್ಬರೂ ಮುಂದೆ ಹೋಗುವಂತಿಲ್ಲ ಎಂಬುದು ಬಳಗದ ಮೊದಲ ನಿಯಮ, ಮಾಡಿದವರು ನಿಮ್ಮಪ್ಪನೇ. ಹುಲುಗೇಶ್ ಒಂದು ಗೂಡ್ಸ್ ಗಾಡಿ ಗೊತ್ತುಮಾಡಿದ. ಸೈಕಲ್ಲುಗಳನ್ನು ಏರಿಸುವಾಗ ನಿಮ್ಮಪ್ಪ ತಮ್ಮ ಸೈಕಲ್ಲಿನ ಮೇಲೆ ಕೈ ಇಟ್ಟುಕೊಂಡು ಹಾಗೇ ನಿಂತಿದ್ದರು. ‘ಸರ್, ನಿಮ್ಮದು?’ ಎಂದ ಹುಲುಗೇಶ್. ‘ನೀವು ಹೋಗ್ರಿ. ನಾನು ಹಗರಿಬೊಮ್ಮನಹಳ್ಳಿ ಮ್ಯಾಲ ಬರ್ತೀನಿ.’ ‘ಅಲ್ಲಿಂದ?’ ಎಂದ ಅವನು. ನನ್ನ ಕಡೆ ನೋಡಿದ. ನಾನೂ ನನ್ನ ಸೈಕಲ್ಲನ್ನು ಗಾಡಿಯಿಂದ ಇಳಿಸಿಕೊಂಡೆ. ಇನ್ನೇನು ನಿಯಮ ನೆನಪಿಸುತ್ತಾನೆ ಎಂದುಕೊಂಡೆ. ಅವನು ತನ್ನ ಚೀಲದಿಂದ ಹೊಸ ಟ್ಯೂಬು, ಗಾಳಿ ಪಂಪು ತೆಗೆದು ನನ್ನ ಕೈಗಿಟ್ಟ. ‘ಇಟ್ಕೋರಿ ಮೇಡಂ. ಹಡಗಲಿ ರಸ್ತ್ಯಾಗ ಜಾಲಿಮುಳ್ಳು ಭಾಳ.’ ಬಳಗದವರ ಬಾಯಲ್ಲಿ ಆ ಊರಿನ ಹೆಸರು ಕೇಳಿ ಎರಡು ವರ್ಷವಾಗಿತ್ತು. ನಿಮ್ಮಪ್ಪ ಕೇಳಿಸಿಕೊಂಡರು, ಸೈಕಲ್ಲು ಹತ್ತಿದರು.

ಮುಂದೆ ನಾವಿಬ್ಬರೇ. ಒಂದು ಕಡೆ ರಸ್ತೆ ಅಗೆದಿದ್ದರು, ಪಕ್ಕದ ಎರೆಹೊಲದಲ್ಲಿ ಇಳಿದು ಹೋಗಬೇಕಾಯಿತು. ಆ ಕಪ್ಪು ಮಣ್ಣು ಚಕ್ರಕ್ಕೆ ರೊಟ್ಟಿ ಹಿಟ್ಟಿನ ಹಾಗೆ ಮೆತ್ತಿಕೊಂಡು ಎರಡೂ ಸೈಕಲ್ಲು ಅಲ್ಲಿಗೇ ನಿಂತವು. ಕಡ್ಡಿಯಿಂದ ಕೆರೆಯುವುದು, ನಾಲ್ಕು ಹೆಜ್ಜೆ ನೂಕುವುದು, ಮತ್ತೆ ಕೆರೆಯುವುದು. ಹಾಗೆ ಕೆರೆಯುತ್ತಾ ಕೂತಿದ್ದಾಗ ಅವರು ತಲೆ ಎತ್ತದೆ ಕೇಳಿದರು, ‘ಅವರ ಮನ್ಯಾಗ ಕುರಿ ಇನ್ನೂ ಅದಾವೇನು?’ ಅದಾವೆ ಎಂದೆ. ಥಂಡಿ ಬಂದರೆ ಮರಿಗಳನ್ನು ಒಳಗೆ ಕಟ್ಟುತ್ತಾರೆ, ನಿಮ್ಮ ಬೀಗಿತ್ತಿ ರಾತ್ರಿಯೆಲ್ಲ ಎದ್ದೆದ್ದು ನೋಡುತ್ತಾರಂತೆ ಎಂದು ಹೇಳುತ್ತಾ ಹೇಳುತ್ತಾ ನಾಲಿಗೆ ಕಚ್ಚಿಕೊಂಡೆ. ತಿಂಗಳಿಗೊಮ್ಮೆ ಕವಿತೆ ಓದುವ ಗೆಳತಿಯರ ಕೂಟವಿದೆ ಎಂದು ಅವರಿಗೆ ಹೇಳಿ ಇಲ್ಲಿಗೆ ಬರುತ್ತಿದ್ದವಳು ನಾನು. ಅವರು ಕಡ್ಡಿಯನ್ನು ಒರೆಸಿ ಪಕ್ಕಕ್ಕಿಟ್ಟರು. ‘ಎರಡು ವರ್ಷ ತಿಂಗಳಾ ತಿಂಗಳಾ ಅಷ್ಟು ಕಾವ್ಯ ಯಾರೂ ಓದಂಗಿಲ್ಲ, ಸುಮಾ’ ಎಂದರು. ಗೊತ್ತಿದ್ದೂ ಸುಮ್ಮನಿದ್ದಿರೇ ಎಂದು ಕೇಳಿದೆ. ‘ಗೊತ್ತೈತಿ ಅಂದಿದ್ರ ತಡೀಬೇಕಾಗ್ತಿತ್ತು.’ ಅಷ್ಟೇ ಹೇಳಿ ಎದ್ದು ಸೈಕಲ್ಲು ನೂಕಿದರು.

ಹಗರಿಬೊಮ್ಮನಹಳ್ಳಿಯಲ್ಲಿ ನನಗೆ ನಿಜಕ್ಕೂ ಭಯವಾಯಿತು. ಅವರ ಕೈ ಬ್ರೇಕು ಹಿಡಿಯಲಾರದಷ್ಟು ನಡುಗುತ್ತಿತ್ತು.  ನಿಲ್ದಾಣದಲ್ಲಿ ಹರಪನಹಳ್ಳಿಯ ಬಸ್ಸು ನಿಂತಿತ್ತು. ನಾನು ಸೋತು ಹೇಳಿದೆ, ಸೈಕಲ್ಲು ಬಸ್ಸಿನ ಮೇಲೆ ಹಾಕೋಣ, ಮನೆಗೆ ಹೋಗಿ ಬಟ್ಟೆ ಬದಲಿಸಿ, ಉಂಡು, ನಾಳೆ ಬೆಳಿಗ್ಗೆ ಕಾರು ಮಾಡಿಕೊಂಡು ಇಬ್ಬರೂ ಹಡಗಲಿಗೆ ಹೋಗೋಣ ಎಂದು. ಒಲೆ ಬೂದಿಯ ಮಾತನ್ನು ನಂಬುವುದು ಬೇಡ ಎಂದೂ ಹೇಳಿದೆ. ಅವರು ಬಸ್ಸನ್ನು ಬಹಳ ಹೊತ್ತು ನೋಡಿದರು. ‘ಆ ಮುದುಕಿ ಮಾತಿಗಲ್ಲ. ಮನಿಗೆ ಹೋದ್ರ ನಾಳೆ ನಾನು ಹೊರಡಂಗಿಲ್ಲ. ನನಗ ಗೊತ್ತೈತಿ ನನ್ನ ಹಣಿಬರ’ ಎಂದರು. ಅರ್ಚನಾ, ಇಷ್ಟು ವರ್ಷ ಒಂದೇ ಮನೆಯಲ್ಲಿ ಬಾಳಿದ್ದೇನೆ, ತನ್ನನ್ನು ತಾನು ನಂಬಲಾರೆ ಎಂದು ಆ ಮನುಷ್ಯ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನನ್ನ ಒಣ ಶಾಲನ್ನು ಅವರ ರೇನ್‌ಕೋಟಿನ ಒಳಗೆ ಸುತ್ತಿದೆ. ಬಸ್ಸು ಹೊರಟುಹೋಯಿತು. ನಾವು ಹಡಗಲಿಯ ರಸ್ತೆ ಹಿಡಿದೆವು. ಅಲ್ಲಿಂದ ಗಾಳಿ ಬೆನ್ನಿಗೆ ಬಂತು, ದಾರಿ ಸ್ವಲ್ಪ ಹಗುರಾಯಿತು. ಹುಲುಗೇಶ್ ಹೇಳಿದಂತೆ ಮುಳ್ಳೂ ಚುಚ್ಚಿತು, ಅವನು ಕೊಟ್ಟ ಟ್ಯೂಬು ನನ್ನ ಹಿಂದಿನ ಚಕ್ರಕ್ಕೆ ಹೋಯಿತು.

ದೀಪ ಹಚ್ಚುವ ಹೊತ್ತಿಗೆ ನಿಮ್ಮ ಓಣಿಗೆ ಬಂದೆವು. ಮನೆ ತೋರಿಸಬೇಕಾಗಲಿಲ್ಲ. ನಾನು ತಿರುವಿನಲ್ಲಿ ಹಿಂದಿದ್ದೆ, ಅವರು ಮುಂದೆ ಹೋಗಿ ಸರಿಯಾದ ಗೇಟಿನ ಮುಂದೆಯೇ ಇಳಿದರು. ಹೇಗೆ ಗೊತ್ತು ಎಂದು ನಾನು ಕೇಳಲಿಲ್ಲ. ಬಾಗಿಲಿಗೆ ಬೀಗ. ಸಪ್ಪಳ ಕೇಳಿ ಶಿವಬಸಮ್ಮ ಹೊರಗೆ ಬಂದರು, ನನ್ನನ್ನು ಗುರುತಿಸಿದರು, ನಿನ್ನನ್ನು ಕರೆದುಕೊಂಡು ಹೋದ ಸುದ್ದಿ ಹೇಳಿದರು.  ಸ್ವಲ್ಪ ಕೂತುಕೊಳ್ಳುತ್ತೇನೆ, ಬೀಗದ ಕೈ ಕೊಡಿ ಎಂದೆ. ಅವರು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಸಂಕೋಚದಿಂದ ಹೇಳಿದರು, ‘ಸಿಟ್ಟಾಗಬ್ಯಾಡ್ರಿ ಅಕ್ಕಾರ. ಕೀಲಿ ನಿಮಗ ಕೊಡಬ್ಯಾಡ ಅಂದು ಹೋಗ್ಯಾಳ. ಅವರಪ್ಪ ಬಂದು ತನ್ನ ಬಾಯಲೇ ಕೇಳಿದ್ರ ಅಷ್ಟ ಕೊಡು ಅಂದಾಳ.’ ಗಾಡಿಗೆ ಹತ್ತುವಾಗ, ಆ ತಲೆಸುತ್ತಿನಲ್ಲೂ, ಇದನ್ನು ಹೇಳಿ ಹೋಗಿದ್ದೀಯಲ್ಲ ಮಗಳೇ. ನೋವಾಯಿತು ಎಂದರೆ ಸುಳ್ಳಲ್ಲ. ಆದರೆ ಅವರು ಬಂದಾರು ಎಂಬ ಆಸೆಯನ್ನು ನೀನು ಬಿಟ್ಟಿಲ್ಲ ಎಂಬುದೂ ಅದೇ ಮಾತಿನಿಂದ ತಿಳಿಯಿತು. ನಿಮ್ಮಪ್ಪ ಗೇಟಿನ ಹೊರಗೆ ಮಳೆಯಲ್ಲಿ ಸೈಕಲ್ಲು ಹಿಡಿದು ನಿಂತಿದ್ದರು, ಅವರಿಗೆ ಕೇಳಿಸಿತ್ತು. ನಾನು ಅವರ ಕಡೆ ತಿರುಗಲಿಲ್ಲ. ತಿರುಗಿದ್ದರೆ ಕಣ್ಣಿನಲ್ಲೇ ಬೇಡಿಕೊಳ್ಳುತ್ತಿದ್ದೆ, ಆಗ ಅದು ಅವರ ಮಾತಾಗುತ್ತಿರಲಿಲ್ಲ. ಗೇಟು ಕಿರುಗುಟ್ಟಿತು. ಅವರು ಬಂದು ಶಿವಬಸಮ್ಮನ ಮುಂದೆ ನಿಂತು, ‘ನಾನು ಅರ್ಚನಾನ ಅಪ್ಪ. ಮಗಳ ಮನಿ ಕೀಲಿ ಕೊಡ್ರಿ’ ಎಂದರು.

ಬೀಗ ತೆಗೆದವರು ಅವರೇ. ಮೆಟ್ಟಿಲ ಮೇಲೆ ಕೂತು ಬೂಟಿನ ದಾರ ಬಿಚ್ಚಲು ಬಹಳ ಹೊತ್ತು ಹಿಡಿಯಿತು, ಬೆರಳು ಸೆಟೆದಿದ್ದವು, ಅದೊಂದೇ ಕಾರಣವಲ್ಲ. ಆಮೇಲೆ ಎದ್ದು ಒಳಗೆ ಹೋದರು. ಹೊಸ್ತಿಲ ಮಾತು ಎತ್ತಲಿಲ್ಲ. ಮೈಲಾರೇಶನ ಲುಂಗಿ ಉಟ್ಟುಕೊಂಡರು, ಅದು ಅವರಿಗೆ ಗಿಡ್ಡ. ಶಿವಬಸಮ್ಮ ಕೊಟ್ಟ ರೊಟ್ಟಿ, ಬದನೆಕಾಯಿ ಪಲ್ಯ ತಲೆ ತಗ್ಗಿಸಿ ಉಂಡರು. ದಾವಣಗೆರೆಯ ಕೊನೆಯ ಬಸ್ಸು ಹೋಗಿಯಾಗಿತ್ತು, ಆದರೂ ಎರಡು ಸಲ ಹೊರಗೆ ಹೋಗಿ ರಸ್ತೆ ನೋಡಿ ಬಂದರು. ಬೆಳಿಗ್ಗೆ ನಾನು ಎದ್ದಾಗ ಹಿತ್ತಲಿನಲ್ಲಿ ನಿನ್ನ ಹಳೆಯ ಸೈಕಲ್ಲನ್ನು ತಲೆಕೆಳಗು ಮಾಡಿ ಚೈನಿಗೆ ಎಣ್ಣೆ ಬಿಡುತ್ತಿದ್ದರು.

ನೀನು ಅವರನ್ನು ಕ್ಷಮಿಸು ಎಂದು ಕೇಳಲು ಈ ಪತ್ರ ಬರೆದಿಲ್ಲ. ಅದು ನೀನು, ಅವರು ನೋಡಿಕೊಳ್ಳಬೇಕಾದ್ದು, ನಡುವೆ ನಿಂತು ನಿಂತು ನನಗೂ ಸಾಕಾಗಿದೆ. ನಿನ್ನೆ ಏನೇನಾಯಿತು ಎಂಬುದನ್ನು ಅವರು ತಾವಾಗಿ ಎಂದೂ ಹೇಳುವುದಿಲ್ಲ, ಅದಕ್ಕೆ ನಾನು ಬರೆದೆ. ನನಗೆ ರಾತ್ರಿಯಿಂದ ಮೈ ಸುಡುತ್ತಿದೆ. ಬಸುರಿ ಬಾಣಂತಿಯರಿರುವ ಕಡೆಗೆ ಜ್ವರ ಹೊತ್ತುಕೊಂಡು ಬರಬಾರದು, ಇಳಿದ ಮೇಲೆ ಬರುತ್ತೇನೆ. ಅಲ್ಲಿಯ ತನಕ ಈ ಮನೆ ಗುಡಿಸಿ, ನೀರೊಲೆ ಸರಿಮಾಡಿಸಿ ಇಡುತ್ತೇನೆ. ನಿಮ್ಮತ್ತೆಯವರಿಗೆ ನಮಸ್ಕಾರ ಹೇಳು. ಮೈಲಾರೇಶನಿಗೆ ಊಟ ತಪ್ಪಿಸಬೇಡ ಎಂದು ಹೇಳು. ಹೆದರಬೇಡ, ಉಸಿರು ನಿಧಾನವಾಗಿ ಬಿಡು. ಹೊಟ್ಟೆಯೊಳಗಿನದು, ಹೊತ್ತವಳು, ಇಬ್ಬರೂ ತಣ್ಣಗಿರಿ.

ನಿನ್ನ ಅವ್ವ,
ಸುಮಲತಾ

ಮರೆತಿದ್ದೆ: ಈ ಪತ್ರವನ್ನು ನಿನಗೆ ತಲುಪಿಸಿದವರು ನಿಮ್ಮಪ್ಪ. ಇಷ್ಟು ಹೊತ್ತಿಗೆ ಯಾರೋ ನರ್ಸಿನ ಕೈಯಲ್ಲಿ ಒಳಗೆ ಕಳಿಸಿರುತ್ತಾರೆ, ತಾವು ಹೊರಗಿರುತ್ತಾರೆ. ಕರೆಯದೆ ಒಳಗೆ ಬರುವುದಿಲ್ಲವಂತೆ. ಜೇಬಿನಲ್ಲಿ ಆ ಪೊಟ್ಟಣವಿದೆ, ಹಚ್ಚಿಸಿಕೊಳ್ಳುವುದು ಬಿಡುವುದು ನಿನ್ನ ಇಷ್ಟ. ನಾನಿಲ್ಲದೆ ಒಬ್ಬರೇ ನಿನ್ನ ಮುಂದೆ ನಿಲ್ಲುವುದು ಅವರಿಗೆ ಕೂಡ್ಲಿಗಿಯ ದಾರಿಗಿಂತ ಕಷ್ಟ ಎಂಬುದಷ್ಟು ನೆನಪಿರಲಿ. ಬಸ್ಸಿಗೆ ಹೊತ್ತಾಯಿತು, ಹಸಿ ಬೂಟು ಹಾಕಿಕೊಂಡು ಬಾಗಿಲಲ್ಲಿ ಪತ್ರಕ್ಕಾಗಿ ಕೈ ಚಾಚಿ ನಿಂತಿದ್ದಾರೆ, ಅಲ್ಲಿ ಆದ ಮಾತನ್ನೂ ಬರೆದುಬಿಡುತ್ತೇನೆ. ಶಿವಬಸಮ್ಮ ಬಂದು, ‘ಯಜಮಾನ್ರ, ಮಗಳು ಒಳಗ ಬರಬ್ಯಾಡ ಅಂದ್ರ ಏನ್ ಮಾಡ್ತೀರಿ?’ ಎಂದು ಕೇಳಿದರು. ‘ಹೊರಗ ನಿಂದ್ರತೀನಿ’ ಎಂದರು ನಿಮ್ಮಪ್ಪ. ಆಕೆ ಒಳಗೆ ಹೋಗಿ ತಮ್ಮ ಛತ್ರಿ ತಂದು ಅವರ ಕೈಗಿಟ್ಟು ಹೇಳಿದರು, ‘ಹಂಗಾರ ಇದನ್ನ ತಗೊಂಡು ಹೋಗ್ರಿ. ನಿಮ್ಮ ಮಗಳ ಅಲ್ಲೇನ್ರಿ ಆಕಿ, ಭಾಳ ಹೊತ್ತು ನಿಂದ್ರಬೇಕಾಗತೈತಿ.’